ಕಿಟಕಿ ಕೈ

ಕಾಂಪೌಂಡರ್ ನಮ್ಮ ಓಣಿಗೆ ಬಂದ. ಅದೂ ನಗುತ್ತ ಬಂದ. ಆಗಲೇ ನನಗೆ ಅನುಮಾನ ಬಂತು.

ನಮ್ಮ ಓಣಿಗೆ ಯಾರೂ ಸುಮ್ಮನೆ ಬರುವುದಿಲ್ಲ. ಚರಂಡಿ ಕಟ್ಟಿಕೊಂಡರೆ ಮೇಸ್ತ್ರಿ ಬರುತ್ತಾನೆ. ಎಲ್ಲಾದರೂ ಏನಾದರೂ ಕಳುವಾದರೆ ಪೊಲೀಸರು ಬರುತ್ತಾರೆ. ವೋಟಿನ ಕಾಲಕ್ಕೆ ಬರುವವರ ಮಾತು ಬೇಡವೇ ಬೇಡ. ಕ್ಲಿನಿಕ್ಕಿನವರು ಮಾತ್ರ ಯಾವತ್ತೂ ಬಂದವರಲ್ಲ. ಹೋದ ವರ್ಷ ಜ್ವರ ಬಂದು ಓಣಿಗೆ ಓಣಿಯೇ ಮಲಗಿದಾಗಲೂ ಬರಲಿಲ್ಲ. ಈಗ ಈ ಮನುಷ್ಯ ಪ್ಯಾಂಟಿನ ಕಾಲು ಎತ್ತಿ ಹಿಡಿದು, ಬಾಗಿಲ ಮುಂದೆ ಹರಿಯುತ್ತಿದ್ದ ನೀರು ದಾಟಿ ಬಂದು, "ಏನಮ್ಮ, ಎಲ್ಲಾ ಚೆನ್ನಾಗಿದೀರಾ?" ಎಂದ.

ಏನಮ್ಮ! ಇಷ್ಟು ವರ್ಷ ಅವನ ಬಾಯಲ್ಲಿ ನಾನು "ಏಯ್". ನನ್ನ ಅತ್ತೆ "ಏಯ್ ಮುದುಕಿ". ನನ್ನ ಗಂಡ "ಏಯ್, ನೀನೇ, ದೂರ ನಿಲ್ಲು".

ನಾನು ಆಗ ತಾನೇ ಕೆಲಸ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದೆ. ಚರಂಡಿಯ ಹೂಳೆತ್ತುವುದು ನಮ್ಮ ಕೆಲಸ. ನನ್ನವನು ಒಳಗಿಳಿದು ಸಲಿಕೆಯಲ್ಲಿ ಬಾಂಡ್ಲಿ ತುಂಬಿ ಮೇಲೆ ಕೊಡುತ್ತಾನೆ. ನಾನು ತಲೆಯ ಮೇಲೆ ಹೊತ್ತು ಗಾಡಿಗೆ ಸುರಿಯುತ್ತೇನೆ. ಹೂಳು ಸೋರುತ್ತದೆ. ಕಿವಿಯ ಹಿಂದೆ, ಕತ್ತಿನ ಮೇಲೆ, ರವಿಕೆಯ ಒಳಗೆ, ಬೆನ್ನಿನ ಉದ್ದಕ್ಕೂ ಇಳಿಯುತ್ತದೆ. ಎಷ್ಟು ತಿಕ್ಕಿ ತೊಳೆದರೂ ಮೈಯ ಯಾವುದೋ ಮೂಲೆಯಲ್ಲಿ ವಾಸನೆ ಉಳಿದೇ ಉಳಿಯುತ್ತದೆ. ಊರಿನ ಹೊಲಸು ಊರಿನದೇ. ಆದರೆ ನಮ್ಮ ಮೈಗೆ ಹತ್ತಿದ ಕೂಡಲೇ ಅದು ನಮ್ಮದಾಗಿಬಿಡುತ್ತದೆ.

ನನಗಿಂತ ಮೊದಲು ಬಾಂಡ್ಲಿ ಹೊತ್ತವಳು ಅತ್ತೆ. ಕಾಲಿಗೆ ಗಾಜು ಹೊಕ್ಕ ಮೇಲೆ ಬಿಟ್ಟಳು. ಗಂಬೂಟು ತೂತಾಗಿದೆ, ಬೇರೆ ಕೊಡಿ ಎಂದು ಮೇಸ್ತ್ರಿಗೆ ಕೇಳಿದ್ದೆವು. ಅವನು ತೂತಿಗೆ ಟೇಪು ಸುತ್ತಿಕೊಟ್ಟ. ಆ ತೂತಿನಲ್ಲೇ ಗಾಜು ಹೋಯಿತು. ಹೊರಗೆ ತೆಗೆದು ನೋಡಿದರೆ ಇಂಜೆಕ್ಷನ್ ಬಾಟಲಿಯ ಚೂರು. ಯಾವ ಕ್ಲಿನಿಕ್ಕಿನದೋ ಯಾರಿಗೆ ಗೊತ್ತು? ಅತ್ತೆ ಹೂಳು ಹೊರುತ್ತಿದ್ದ ಆ ರಸ್ತೆಯಲ್ಲಿ ಇರುವುದು ಒಂದೇ ಕ್ಲಿನಿಕ್ಕು.

ಅತ್ತೆಗೆ ಸಕ್ಕರೆ ಕಾಯಿಲೆ. ಗಾಯ ಮಾಯಲಿಲ್ಲ. ಮೊದಲು ಕೆಂಪಾಯಿತು. ಆಮೇಲೆ ಹಸಿರು ನೀರು ಬಂತು. ಈಗ ಹೆಬ್ಬೆರಳು ಕಪ್ಪಗಾಗಿದೆ. ಆ ಕಾಲನ್ನು ಡಾಕ್ಟರು ಒಮ್ಮೆಯೂ ನೋಡಿಲ್ಲ.

ಕ್ಲಿನಿಕ್ಕಿಗೆ ಹೋಗಿಲ್ಲವೇ ಎಂದು ಕೇಳಬೇಡಿ. ಹೋಗಿದ್ದೇವೆ, ಹೋಗಿ ಹೋಗಿ ಸಾಕಾಗಿದೆ. ಕ್ಲಿನಿಕ್ಕಿಗೆ ಮುಂದೆ ಗಾಜಿನ ಬಾಗಿಲಿದೆ. ನಮಗೆ ಹಿಂದಿನ ಕಿಟಕಿ. ಹಾಗೆಂದು ಎಲ್ಲೂ ಬರೆದಿಲ್ಲ. ನಾವು ಒಳಗೆ ಕೂತರೆ ಉಳಿದವರು ಮೂಗು ಮುಚ್ಚುತ್ತಾರೆ, ಸೋಂಕು ಹರಡುತ್ತದೆ ಎಂದು ಯಾವಾಗಲೋ ಯಾರೋ ಅಂದರಂತೆ. ಅಂದಿನಿಂದ ಅದೇ ರೂಢಿ. ಹಿತ್ತಲಿನಲ್ಲಿ ನಲ್ಲಿಯ ಪಕ್ಕ ನಿಲ್ಲಬೇಕು. ಕಿಟಕಿ ನಮ್ಮ ತಲೆಗಿಂತ ಎತ್ತರ. ಏನಾಗಿದೆ ಎಂದು ಕೆಳಗಿನಿಂದ ಕೂಗಿ ಹೇಳಬೇಕು. ಕಾಂಪೌಂಡರ್ ಅದನ್ನು ಒಳಗೆ ಕೂಗುತ್ತಾನೆ. "ಕಾಲು ಗಾಯ!" ಒಳಗಿನಿಂದ ಡಾಕ್ಟರ ದನಿ ಬರುತ್ತದೆ. "ಅದೇ ಮುಲಾಮು ಕೊಡು!" ಅಲ್ಲಿಗೆ ಚಿಕಿತ್ಸೆ ಮುಗಿಯಿತು.

ಆಮೇಲೆ ಮೇಲಿನಿಂದ ಮಾತ್ರೆ ಬೀಳುತ್ತದೆ. ಅದನ್ನು ಹಿಡಿಯುವುದಕ್ಕೊಂದು ರೀತಿ ಇದೆ. ಎರಡು ಹೆಜ್ಜೆ ಹಿಂದೆ ಸರಿದು, ಬೆನ್ನು ಬಗ್ಗಿಸಿ, ಎರಡೂ ಕೈ ಸೇರಿಸಿ ಬೊಗಸೆ ಮಾಡಿ ಕೆಳಗೆ ಹಿಡಿಯಬೇಕು. ಮೇಲೆ ಹಿಡಿದರೆ ಅವನ ಬೆರಳಿಗೆ ತಾಗಿಬಿಡುತ್ತದೆ. ನಮ್ಮ ಉಸಿರು ಅವನ ಕಡೆ ಹೋಗಬಾರದೆಂದು ಮುಖವನ್ನು ಹೆಗಲ ಕಡೆ ತಿರುಗಿಸಿಕೊಳ್ಳಬೇಕು. ನೋಡದೆಯೇ ಹಿಡಿಯಬೇಕು. ಬಿದ್ದ ಮಾತ್ರೆಗೆ ಬದಲು ಮಾತ್ರೆ ಇಲ್ಲ. ನಮ್ಮ ಓಣಿಯಲ್ಲಿ ಇದಕ್ಕೆ ಕಿಟಕಿ ಕೈ ಎನ್ನುತ್ತಾರೆ. ಮಕ್ಕಳಿಗೆ ಉಣ್ಣುವುದನ್ನು ಕಲಿಸಿದ ಹಾಗೆ ಇದನ್ನೂ ಕಲಿಸುತ್ತೇವೆ. ಓಣಿಯ ಮಕ್ಕಳು ಇದನ್ನೇ ಆಟ ಮಾಡಿಕೊಂಡಿವೆ. ಒಬ್ಬ ಕಟ್ಟೆ ಹತ್ತಿ ಕಲ್ಲು ಬೀಳಿಸುತ್ತಾನೆ, ಉಳಿದವರು ಮುಖ ತಿರುಗಿಸಿ ಹಿಡಿಯುತ್ತಾರೆ. ದೊಡ್ಡವರಲ್ಲಿ ಅತ್ತೆಯನ್ನು ಮೀರಿಸಿದವರಿಲ್ಲ. ಕಣ್ಣು ಮುಚ್ಚಿಕೊಂಡು ಹಿಡಿಯುತ್ತಾಳೆ.

ಬೆರಳು ಕಪ್ಪಗಾದ ದಿನ ನನ್ನವನು ತನ್ನ ಅವ್ವನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದ. ಕಿಟಕಿಯ ಕೆಳಗೆ ನಿಂತು ಅವಳ ಪಾದವನ್ನು ಸರಳಿನ ತನಕ ಎತ್ತಿದ. "ನೋಡಿ ಸ್ವಾಮಿ, ಒಂದು ಸಲ ನೋಡಿ" ಎಂದು ಕೂಗಿದ. ಕಾಂಪೌಂಡರ್ ಕಿಟಕಿ ಹಾಕಿಕೊಂಡ. ಅದೇ ಕಾಂಪೌಂಡರ್ ಈಗ ನಮ್ಮ ಬಾಗಿಲಲ್ಲಿ ಹಲ್ಲು ಕಿರಿಯುತ್ತಿದ್ದ.

"ನಾಡಿದ್ದು ನಮ್ಮಲ್ಲಿಗೆ ದೊಡ್ಡವರು ಬರ್ತಾ ಇದಾರೆ" ಎಂದ. "ಕ್ಲಿನಿಕ್ಕಿನ ಗುಣಮಟ್ಟ ಪರೀಕ್ಷೆ ಮಾಡೋಕೆ. ಪಾಸಾದ್ರೆ ಮಾನ್ಯತೆ ಕೊಡ್ತಾರೆ. ಸರ್ಟಿಫಿಕೇಟು."

"ಕೊಡ್ಲಿ. ನಮಗೇನು?"

"ನೀವೂ ಬರ್ಬೇಕು. ಮುಂದಿನ ಬಾಗಿಲಿಂದಾನೇ. ಕುರ್ಚಿ ಹಾಕಿರ್ತೀವಿ."

ಒಳಗೆ ಮಲಗಿದ್ದ ಅತ್ತೆ ಅಲ್ಲಿಂದಲೇ ಹೇಳಿದಳು. "ಕುರ್ಚಿ ಕೊಡ್ತೀನಿ ಅಂದೋನು ಏನೋ ಕಿತ್ಕೊಳ್ಳೋಕೆ ಬಂದಿರ್ತಾನೆ. ಏನು ಅಂತ ಕೇಳೇ."

ನಾನು ಕೇಳಿದೆ. ಅವನು ಸ್ವಲ್ಪ ಎಳೆದಾಡಿದ. ಆಮೇಲೆ ಬಾಯಿಬಿಟ್ಟ. ಬಂದವರು ರೋಗಿಗಳನ್ನು ಮಾತನಾಡಿಸುತ್ತಾರಂತೆ. ಬಡವರು ಬರುತ್ತಾರೋ ಇಲ್ಲವೋ, ಎಲ್ಲರನ್ನೂ ಒಂದೇ ಥರ ನೋಡುತ್ತಾರೋ ಇಲ್ಲವೋ, ಅದಕ್ಕೂ ಅಂಕ ಇದೆಯಂತೆ.

"ನೋಡ್ತೀರಾ?" ಎಂದೆ.

"ಏನು?"

"ಒಂದೇ ಥರ."

ಅವನು ತನ್ನ ಅಂಗಿಯ ಮೇಲೆ ಇಲ್ಲದ ಧೂಳನ್ನು ಕೊಡವಿಕೊಂಡ.

ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಅತ್ತೆಯ ಕಾಲು. ಗರಜು ಅವರದ್ದಿರುವಾಗಲೇ ಕೇಳಿಬಿಡಬೇಕು. "ಬರ್ತೀವಿ. ಆದ್ರೆ ಡಾಕ್ಟ್ರು ನಮ್ಮತ್ತೆ ಕಾಲು ನೋಡ್ಬೇಕು. ಕೂಗಿ ಕೇಳೋದಲ್ಲ. ಕಣ್ಣಲ್ಲಿ. ಹತ್ತಿರದಿಂದ."

"ನೋಡ್ತಾರೆ ತಾಯಿ, ನೋಡದೆ ಏನು? ನನ್ನ ಮಕ್ಕಳಾಣೆ."

ಅವನು ಚೀಲದಿಂದ ಹೊಸ ಚಪ್ಪಲಿ ತೆಗೆದ. ಪೌಡರ್ ಡಬ್ಬ ತೆಗೆದ. ಕೊನೆಗೆ ಒಂದು ಜೊತೆ ಬಿಳಿ ಕಾಲುಚೀಲ. ಅದು ಅತ್ತೆಗೆ ಮಾತ್ರ.

"ಕಾಲುಚೀಲ ಯಾಕೆ?"

"ಪಾಪ, ವಯಸ್ಸಾದೋರು. ಕಾಲಿಗೆ ಚಳಿ ಆಗ್ಬಾರ್ದಲ್ಲ."

ಬೆವರು ಅವನ ಕಿವಿಯಿಂದ ತೊಟ್ಟಿಕ್ಕುತ್ತಿತ್ತು. ಅಂಥ ಸೆಖೆಯಲ್ಲಿ ಅವನಿಗೆ ನಮ್ಮತ್ತೆಯ ಚಳಿಯ ಚಿಂತೆ.

ಸಂಜೆ ಊಟಕ್ಕೆ ಕೂತಾಗ ನನ್ನವನು ಕೂಗಾಡಿದ. "ಹೋಗೋದೇ ಬೇಡ. ಹುಲ್ಲು ಹಿಡಿದು ಕರೆಯೋನ ಹಿಂದೆ ಹೋಗೋದು ಕುರಿ."

"ಕುರಿಗೆ ಕಾಲು ನೆಟ್ಟಗಿರುತ್ತೆ ಕಣೋ" ಎಂದಳು ಅತ್ತೆ. "ನನಗೆ ಅದೂ ಇಲ್ಲ. ಹೋಗೋಣ. ಅವನು ನೋಡದೇ ಇದ್ರೆ ಆಗ ನೋಡ್ಕೊಳ್ಳೋಣ."

ತಪಾಸಣೆಯ ದಿನ ಬೆಳಿಗ್ಗೆ ನಾವು ಓಣಿಯ ಕೆಲವರು ಹೋದೆವು. ನನ್ನವನು ಮಾತ್ರ ಬರಲಿಲ್ಲ, ಕೆಲಸಕ್ಕೆ ಹೋದ. ಪಕ್ಕದ ಮನೆಯ ಮೀಸೆ ಮಾವನೂ ಬಂದ. ಬದುಕೆಲ್ಲ ಚರಂಡಿಯ ಗಾಳಿ ಕುಡಿದು ಈಗ ಕೆಮ್ಮುವುದೇ ಅವನ ಕೆಲಸ. ಕಾಂಪೌಂಡರ್ ಗಾಜಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಮೂಸಿದ. ಹೌದು, ಮೂಸಿದ. ಸಂತೆಯಲ್ಲಿ ಮೀನು ಮೂಸುವ ಹಾಗೆ. ನನ್ನ ಕತ್ತಿಗೆ ಇನ್ನಷ್ಟು ಪೌಡರ್ ಸುರಿದ. ಮೀಸೆ ಮಾವನಿಗೆ "ಅವರು ಬಂದಾಗ ಕೆಮ್ಮಬೇಡ" ಎಂದ.

"ಕೆಮ್ಮಿಗೇ ಔಷಧಿ ಕೇಳೋಕೆ ಬಂದಿದೀನಲ್ಲಪ್ಪ!" ಎಂದ ಮಾವ.

"ಆಮೇಲೆ ಕೆಮ್ಮು. ಅವರು ಹೋದ ಮೇಲೆ."

ಒಳಗೆ ಹೊಸ ಬಣ್ಣದ ವಾಸನೆ. ಮೆಟ್ಟಿಲ ಪಕ್ಕದಲ್ಲಿ ಗಾಲಿಕುರ್ಚಿಗೆಂದು ಹೊಸ ಇಳಿಜಾರು, ಸಿಮೆಂಟು ಇನ್ನೂ ಹಸಿ. ಸಾಲಾಗಿ ಕುರ್ಚಿಗಳು. ಕೈ ತೊಳೆಯುವ ರೀತಿ ತೋರಿಸುವ ಚಿತ್ರಗಳು. ನನ್ನ ಜನ್ಮದಲ್ಲಿ ಮೊದಲ ಸಲ ಆ ಬಾಗಿಲು ದಾಟಿದ್ದೆ. ಸಂತೋಷ ಆಗಬೇಕಿತ್ತು. ಆಗಲಿಲ್ಲ. ನನ್ನ ಕಣ್ಣು ಕುರ್ಚಿಯ ಮೇಲೆ ಬಿತ್ತು. ಎಲ್ಲ ಕುರ್ಚಿಗಳ ಪ್ಲಾಸ್ಟಿಕ್ ಹೊದಿಕೆ ತೆಗೆದಿದ್ದರು. ನಮಗೆಂದು ತೋರಿಸಿದ ಕುರ್ಚಿಗಳಲ್ಲಿ ಮಾತ್ರ ಬಿಟ್ಟಿದ್ದರು. ಕೂತರೆ ಕೆಳಗೆ ಕಿರ್ ಎನ್ನುತ್ತಿತ್ತು.

ನಾನು ಕೂತಲ್ಲಿಂದಲೇ ಗೋಡೆ ನೋಡಿದೆ. ಔಷಧಿ ಕೊಡುವ ಜಾಗದ ಹಿಂದಿನ ಗೋಡೆಯಲ್ಲಿ ದೊಡ್ಡ ಹಲಗೆ ತೂಗಿತ್ತು. ನನಗೆ ಅಕ್ಷರ ಕೂಡಿಸಿ ಓದಲು ಬರುತ್ತದೆ. ನಿಧಾನಕ್ಕೆ ಓದಿದೆ. ರೋಗಿಗಳ ಹಕ್ಕುಗಳು. ಪ್ರತಿಯೊಬ್ಬ ರೋಗಿಯನ್ನೂ ಘನತೆಯಿಂದ ಕಾಣಲಾಗುವುದು. ಹಿತ್ತಲಿನ ನಲ್ಲಿಯಿಂದ ನೀರು ತೊಟ್ಟಿಕ್ಕುವ ಸದ್ದು ಅದೇ ಗೋಡೆಯ ಆಚೆಯಿಂದ ಬರುತ್ತಿತ್ತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಹಲಗೆಯ ಅಂಚಿನಲ್ಲಿ ಸುತ್ತಲೂ ಬೆಳಕಿನ ಗೆರೆ ಕಾಣುತ್ತಿತ್ತು. ಗೋಡೆಯಿಂದ ಬೆಳಕು ಬರುವುದಿಲ್ಲ.

"ಅತ್ತೆ, ಕಿಟಕಿ ಮುಚ್ಚಿದಾರೆ" ಎಂದು ಪಿಸುಗುಟ್ಟಿದೆ.

"ಒಳ್ಳೇದೇ ಆಯ್ತಲ್ಲ."

"ಇಟ್ಟಿಗೆ ಇಟ್ಟು ಮುಚ್ಚಿಲ್ಲ. ಹಲಗೆ ತೂಗಿಹಾಕಿದಾರೆ. ನಾಳೆ ತೆಗೀತಾರೆ."

ಬಿಳಿ ಕಾಲುಚೀಲದೊಳಗೆ ಅತ್ತೆಯ ಪಾದ ಊದಿ ಕೂತಿತ್ತು. ಚೀಲ ಹಾಕುವಾಗ ನೋವಿಗೆ ಅವಳು ತನ್ನ ಸೆರಗನ್ನು ಕಚ್ಚಿ ಹಿಡಿದಿದ್ದಳು.

ಕಾಂಪೌಂಡರ್ ನಮಗೆ ಪಾಠ ಹೇಳಿಕೊಟ್ಟ. ಯಾರು ಏನು ಕೇಳಿದರೂ "ಇಲ್ಲಿ ಚೆನ್ನಾಗಿ ನೋಡ್ತಾರೆ" ಎನ್ನಬೇಕು. ಅಷ್ಟೇ. ಹೆಚ್ಚು ಮಾತಾಡಿದವರಿಗೆ ಮುಂದೆ ಮಾತ್ರೆ ಸಿಗುವುದು ಕಷ್ಟ ಎಂದೂ ಸೇರಿಸಿದ. ನಗುತ್ತಲೇ ಹೇಳಿದ.

ತಪಾಸಣೆಯವರು ಬಂದರು. ಒಬ್ಬಳು ಕನ್ನಡಕದ ಮೇಡಂ. ಜೊತೆಗೆ ಫೋಟೋ ತೆಗೆಯುವವನು ಒಬ್ಬ. ಅವರು ಎಲ್ಲವನ್ನೂ ನೋಡಿದರು. ಔಷಧಿಯ ತಾರೀಖು ನೋಡಿದರು. ಫ್ರಿಜ್ಜಿನ ತಂಪು ನೋಡಿದರು. ನರ್ಸಮ್ಮ ಕೈ ತೊಳೆಯುವುದನ್ನು ನಿಂತು ನೋಡಿದರು. ಸೂಜಿಗೆ ಒಂದು ಬಣ್ಣದ ಡಬ್ಬ, ಬಾಟಲಿಗೆ ಇನ್ನೊಂದು, ಹತ್ತಿಗೆ ಮತ್ತೊಂದು. ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡಿದರು. ಆ ಕಸ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದೂ ಕೇಳಿದರು. "ಗಾಡಿ ಬರುತ್ತೆ ಮೇಡಂ" ಎಂದರು ಡಾಕ್ಟರು. ನಾನು ಅತ್ತೆಯ ಕಾಲು ನೋಡಿದೆ.

ಮೇಡಂ ಎದುರಿಗೇ ಡಾಕ್ಟರು ನಮ್ಮನ್ನು ಕರೆದರು. "ಬನ್ನಿ ಅಮ್ಮ, ಕೂತ್ಕೊಳ್ಳಿ." ಅತ್ತೆಯ ಎದೆಗೆ ಸ್ಟೆತಾಸ್ಕೋಪು ಇಟ್ಟರು. ಅತ್ತೆ ಬೆಚ್ಚಿಬಿದ್ದಳು. ಅದು ಅಷ್ಟು ತಣ್ಣಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

"ಏನು ತೊಂದರೆ?"

"ಕಾಲು..." ಎಂದಳು ಅತ್ತೆ.

"ಹಾಂ, ಕಾಲು ನೋವು. ವಯಸ್ಸಾಯ್ತಲ್ಲ." ಡಾಕ್ಟರ ಪೆನ್ನು ಆಗಲೇ ಓಡುತ್ತಿತ್ತು.

"ಚೀಲ ತೆಗೀಲಾ ಡಾಕ್ಟ್ರೇ?" ಎಂದು ನಾನು ಬಗ್ಗಿದೆ.

"ಬೇಡ ಬೇಡ. ಆಮೇಲೆ ನಿಧಾನಕ್ಕೆ ನೋಡೋಣ. ಮುಂದಿನವರು ಬನ್ನಿ."

ಆಮೇಲೆ! ನಮ್ಮ ಪಾಲಿಗೆ ಬರುವುದೆಲ್ಲ ಆಮೇಲೆಯೇ. ಗಂಬೂಟು ಆಮೇಲೆ. ಕೆಮ್ಮಿನ ಔಷಧಿ ಆಮೇಲೆ. ನಾನು ಬಾಗಿಲ ಬಳಿ ಕಾಂಪೌಂಡರನ ಮುಖ ನೋಡಿದೆ. ಮಕ್ಕಳಾಣೆ ಇಟ್ಟವನು ಬೇರೆ ಕಡೆ ನೋಡುತ್ತಿದ್ದ. ಅತ್ತೆಯನ್ನು ಕರೆತಂದು ಕುರ್ಚಿಯ ಮೇಲೆ ಕೂರಿಸಿದೆ. ಕುರ್ಚಿ ಕಿರ್ ಎಂದಿತು.

ಮೇಡಂ ಬಂದು ಅತ್ತೆಯ ಪಕ್ಕದಲ್ಲೇ ಕೂತಳು. ಒಳ್ಳೆಯ ಮುಖ. ನಾನು ಅದನ್ನೂ ನಂಬಲಿಲ್ಲ.

"ಎಷ್ಟು ವರ್ಷದಿಂದ ಇಲ್ಲಿಗೆ ಬರ್ತಿದೀರಮ್ಮ?"

"ಇಲ್ಲಿ ಚೆನ್ನಾಗಿ ನೋಡ್ತಾರೆ."

"ಡಾಕ್ಟರು ಕಾಯಿಲೆ ಬಗ್ಗೆ ಬಿಡಿಸಿ ಹೇಳ್ತಾರಾ?"

"ಚೆನ್ನಾಗಿ ನೋಡ್ತಾರೆ."

"ಮನೇಲಿ ಯಾರ್ಯಾರಿದೀರಿ?"

"ಚೆನ್ನಾಗಿ ನೋಡ್ತಾರೆ."

ಮೀಸೆ ಮಾವನಿಗೆ ನಗು ತಡೆಯಲಾಗಲಿಲ್ಲ. ನಗು ಕೆಮ್ಮಾಯಿತು. ತಡೆದಿಟ್ಟ ಕೆಮ್ಮೆಲ್ಲ ಒಟ್ಟಿಗೇ ಬಂತು. ಮೇಡಂ ಗಾಬರಿಯಾಗಿ ತನ್ನ ಚೀಲ ತಡಕಿ ಪೆಪ್ಪರಮಿಂಟು ತೆಗೆದಳು. ಮಾವನಿಗೆ ಒಂದು, ಅತ್ತೆಗೂ ಒಂದು ಎಂದು ಕೈ ಮುಂದೆ ಮಾಡಿದಳು. "ತಗೊಳ್ಳಿ ಅಮ್ಮ."

ಅತ್ತೆ ಎದ್ದಳು. ಕಪ್ಪು ಬೆರಳಿನ ಕಾಲನ್ನು ನೆಲಕ್ಕೂರಿ ಎದ್ದಳು. ಎರಡು ಹೆಜ್ಜೆ ಹಿಂದೆ ಸರಿದಳು. ಬೆನ್ನು ಬಗ್ಗಿಸಿದಳು. ಬೊಗಸೆ ಮಾಡಿ ಮೊಣಕಾಲಿನ ಹತ್ತಿರ ಹಿಡಿದಳು. ಮುಖವನ್ನು ಹೆಗಲಿಗೆ ತಿರುಗಿಸಿ ಕಣ್ಣು ಮುಚ್ಚಿದಳು.

ಮೀಸೆ ಮಾವನೂ ಎದ್ದ. ಅವನೂ ಹಾಗೆಯೇ ನಿಂತ. ಕೆಮ್ಮುತ್ತಲೇ ಮುಖ ತಿರುಗಿಸಿದ.

ಕಾಂಪೌಂಡರ್ ಮಾತು ಕಲಿಸಿದ್ದ. ಮೈಗೆ ಕಲಿಸಿರಲಿಲ್ಲ. ಮೈಗೆ ಕಲಿಸಿದ್ದು ಕಿಟಕಿ.

ಮೇಡಂ ಪೆಪ್ಪರಮಿಂಟು ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಕೇಳಿದಳು. "ಯಾಕೆ ಹೀಗೆ ತಿರುಗಿಕೊಂಡ್ರಿ? ಏನಿದು?"

ಡಾಕ್ಟರು ಕೋಣೆಯಿಂದ ಹೊರಗೆ ಬಂದಿದ್ದರು. ಸರಾಗವಾಗಿ ನಕ್ಕರು. "ಹಳೇ ಕಾಲದ ಜನ ಮೇಡಂ. ದೊಡ್ಡವರ ಮುಂದೆ ಮರ್ಯಾದೆ ಅದು."

ಮರ್ಯಾದೆ! ಆ ಮಾತಿಗೆ ನನ್ನ ತಾಳ್ಮೆ ಹರಿಯಿತು. ಅತ್ತೆ ಇನ್ನೂ ಕಣ್ಣು ಮುಚ್ಚಿಕೊಂಡು ಬೊಗಸೆ ಹಿಡಿದು ನಿಂತೇ ಇದ್ದಳು, ಬೀಳುವುದಕ್ಕೆ ಕಾಯುತ್ತ. ನನಗೆ ಅಳು ಬಂತು. ಅಳುವುದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ಮರ್ಯಾದೆ ಅಲ್ಲ ಮೇಡಂ" ಎಂದೆ. "ಅದು ಕಿಟಕಿ ಕೈ."

"ಏನದು?"

"ಬನ್ನಿ, ತೋರಿಸ್ತೀನಿ."

ಕಾಂಪೌಂಡರ್ ಅಡ್ಡ ಬಂದ. "ಏಯ್!" ಎಂದ. ಎರಡು ದಿನದಿಂದ ಅಡಗಿಸಿಟ್ಟಿದ್ದ ಏಯ್ ಹೊರಗೆ ಬಂದೇಬಿಟ್ಟಿತು. ನಾನು ದಿನಾ ತಲೆಯ ಮೇಲೆ ಹೂಳು ಹೊರುವವಳು. ಅವನನ್ನು ಬದಿಗೆ ಸರಿಸಲು ಒಂದು ಭುಜ ಸಾಕಾಯಿತು. ಔಷಧಿಯ ಮೇಜಿನ ಹಿಂದೆ ಹೋಗಿ ಹಲಗೆಯನ್ನು ಎರಡೂ ಕೈಯಿಂದ ಎತ್ತಿ ಇಳಿಸಿದೆ. ಕಿಟಕಿ ಕಂಡಿತು. ಸರಳುಗಳ ಆಚೆ ನಲ್ಲಿ ಕಂಡಿತು. ನಾವು ನಿಂತು ನಿಂತು ತಗ್ಗು ಬಿದ್ದಿದ್ದ ನೆಲ ಕಂಡಿತು.

"ನಾವು ನಿಲ್ಲೋದು ಅಲ್ಲಿ" ಎಂದೆ. "ಇವರು ಬೀಳಿಸೋದು ಇಲ್ಲಿಂದ. ಈ ಕುರ್ಚಿ ಮೇಲೆ ನಾವು ಕೂತಿದ್ದು ಇವತ್ತೇ. ಆ ಪ್ಲಾಸ್ಟಿಕ್ ನೋಡಿ ಮೇಡಂ, ನಮ್ಮ ಕುರ್ಚಿಗೆ ಮಾತ್ರ ಇದೆ. ನಾವು ಹೋದ ಮೇಲೆ ಕಿತ್ತು ಬಿಸಾಡ್ತಾರೆ."

ಫೋಟೋದವನು ಡಾಕ್ಟರ ಮುಖ ನೋಡಿದ, ಫೋಟೋ ತೆಗೆಯಲಿಲ್ಲ.

ಅಷ್ಟರಲ್ಲಿ ಅತ್ತೆ ಕಣ್ಣು ತೆರೆದಿದ್ದಳು. ಬೊಗಸೆಯನ್ನು ನೋಡಿಕೊಂಡಳು. ತಾನೇನು ಮಾಡಿದೆ ಎಂದು ಅವಳಿಗೆ ಆಗಲೇ ಗೊತ್ತಾದದ್ದು. ನಿಧಾನವಾಗಿ ಕುರ್ಚಿಗೆ ವಾಪಸು ಹೋಗಿ ಕೂತಳು. ಬಗ್ಗಿ ಕಾಲುಚೀಲ ಎಳೆದಳು. ಅದು ಗಾಯಕ್ಕೆ ಅಂಟಿಕೊಂಡಿತ್ತು. ನಾನು ಸಹಾಯಕ್ಕೆ ಹೋದೆ. "ಬಿಡು" ಎಂದು ತಾನೇ ಎಳೆದಳು. ಚೀಲದ ಜೊತೆ ಚರ್ಮವೂ ಬಂತು.

ವಾಸನೆ ಎದ್ದಿತು. ಕಾಂಪೌಂಡರ್ ಮೂಗು ಮುಚ್ಚಿದ. ನರ್ಸಮ್ಮ ಮುಚ್ಚಿದಳು. ಡಾಕ್ಟರು ಮುಚ್ಚಿದರು. ಒಳ್ಳೆಯ ಮುಖದ ಮೇಡಂ ಕೂಡ ಕರ್ಚೀಫು ತೆಗೆದು ಒಂದು ಹೆಜ್ಜೆ ಹಿಂದೆ ಹೋದಳು. ನನ್ನ ಅನುಮಾನ ಸುಳ್ಳಾಗಿರಲಿಲ್ಲ.

"ಕಿಟಕಿ ಬಗ್ಗೆ ನಮ್ಮ ಪ್ರಶ್ನೆಗಳಲ್ಲಿ ಏನೂ ಇಲ್ಲ" ಎಂದಳು ಕರ್ಚೀಫಿನ ಒಳಗಿನಿಂದ. "ಆದ್ರೂ ನಾನು ಬರೀತೀನಿ. ಡಾಕ್ಟರೇ, ಇವರನ್ನ ಮೊದಲು ನೋಡಿ."

"ಖಂಡಿತ ಮೇಡಂ. ಏಳಮ್ಮ, ಹಿಂದೆ ಹೋಗೋಣ, ಅಲ್ಲಿ ನೋಡ್ತೀನಿ."

"ಏಳಲ್ಲ" ಎಂದಳು ಅತ್ತೆ.

"ಏನು?"

"ಏಳಲ್ಲ ಅಂದೆ. ಹಿಂದೇನೂ ಹೋಗಲ್ಲ. ಇಲ್ಲೇ ನೋಡಿ. ಬಗ್ಗಿ ನೋಡಿ."

ಅವಳ ದನಿ ದೊಡ್ಡದಾಗಿರಲಿಲ್ಲ. ಆದರೆ ಆ ದನಿ ನನಗೆ ಗೊತ್ತು. ತುಂಬಿದ ಬಾಂಡ್ಲಿಯನ್ನು ಅರ್ಧ ದಾರಿಯಲ್ಲಿ ಇಳಿಸಲ್ಲ ಎನ್ನುವಾಗ ಬರುವ ದನಿ ಅದು. ಮೀಸೆ ಮಾವ ಹೋಗಿ ಅವಳ ಪಕ್ಕದ ಕುರ್ಚಿಯಲ್ಲಿ ಕೂತ. ಗಲಾಟೆಗೆ ಎದ್ದು ನಿಂತಿದ್ದ ಓಣಿಯವರೆಲ್ಲ ಕೂತರು. ಕೂರುವ ಮುಂಚೆ ಒಬ್ಬೊಬ್ಬರೂ ಕುರ್ಚಿಯ ಪ್ಲಾಸ್ಟಿಕ್ಕನ್ನು ಪರ್ ಎಂದು ಹರಿದು ನೆಲಕ್ಕೆ ಹಾಕಿದರು. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಂಥ ಇಂಪಾದ ಸದ್ದು ನಾನು ಕೇಳಿಲ್ಲ.

ಡಾಕ್ಟರು ಒಂದರ ಮೇಲೊಂದು ಕೈಗವಸು ಹಾಕಿಕೊಂಡು ಬಂದರು. ಬಗ್ಗಿದರು. ಅವರ ನೆತ್ತಿ ಬೋಳಾಗಿದೆ ಎಂದು ಅಂದೇ ಗೊತ್ತಾಯಿತು. ಕಿಟಕಿಯ ಕೆಳಗೆ ನಿಂತವರಿಗೆ ಡಾಕ್ಟರ ನೆತ್ತಿ ಎಲ್ಲಿ ಕಾಣುತ್ತದೆ? ಅವರು ಪಾದ ತಿರುಗಿಸಿದರು. ಬೆರಳು ಒತ್ತಿದರು. ಒತ್ತಿದ್ದು ಅತ್ತೆಗೆ ಗೊತ್ತೇ ಆಗಲಿಲ್ಲ. ಡಾಕ್ಟರ ಮುಖ ಬದಲಾಯಿತು. ಆ ದಿನ ನಾನು ನಂಬಿದ ಒಂದೇ ಒಂದು ಮುಖ ಅದು. ಏಕೆಂದರೆ ಅದರಲ್ಲಿ ಹೆದರಿಕೆ ಇತ್ತು.

"ಇಷ್ಟು ಆಗೋ ತನಕ ಏನು ಮಾಡ್ತಿದ್ರಿ?" ಎಂದರು. "ಮೊದಲೇ ಯಾಕೆ ಬರಲಿಲ್ಲ?"

ಅತ್ತೆ ನಕ್ಕಳು. ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. "ಬಂದಿದ್ದೆ ಸ್ವಾಮಿ. ಬರ್ತಾನೇ ಇದ್ದೆ. ನೀವು ಗೋಡೆಯ ಈ ಕಡೆ ಇದ್ರಿ."

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಅಂದೇ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು, ಗಾಡಿಯನ್ನೂ ಅವರೇ ತರಿಸಿದರು. ಮೇಡಂ ಎದುರಿಗಿದ್ದಳಲ್ಲ. ದೊಡ್ಡಾಸ್ಪತ್ರೆಯಲ್ಲಿ ಪಾದದ ಮುಂಭಾಗ ಕತ್ತರಿಸಿದರು. ಮೊದಲೇ ತಂದಿದ್ದರೆ ಬರೀ ಬೆರಳಲ್ಲಿ ಮುಗಿಯುತ್ತಿತ್ತು ಎಂದು ಅಲ್ಲಿಯವರು ನನ್ನವನಿಗೆ ಬೈದರು. ಅವ್ವನನ್ನು ಹೆಗಲ ಮೇಲೆ ಹೊತ್ತು ಕಿಟಕಿಗೆ ತೋರಿಸಿದವನಿಗೆ ಬೈದರು. ಅವನು ಆಸ್ಪತ್ರೆಯ ಗೋಡೆಗೆ ಹಣೆ ಇಟ್ಟು ಅತ್ತ.

"ಅಳಬೇಡ ಕಣೋ" ಎಂದಳು ಅತ್ತೆ. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಕೆಸರು ನಮಗೆ ಬಂತು, ಮೊಸರು ಯಾರ ಬಾಯಿಗೆ ಹೋಯ್ತು ಅಂತ ಹೋಗಿ ನೋಡ್ಬೇಕು. ಕೋಲು ಕೊಡಿಸು."

ಗಾಯ ಸ್ವಲ್ಪ ಒಣಗಿದ ಮೇಲೆ ಬ್ಯಾಂಡೇಜು ಬದಲಿಸಲು ಹತ್ತಿರದ ಕ್ಲಿನಿಕ್ಕಿಗೇ ಹೋಗಿ ಎಂದರು. ಹೋದೆವು. ಅತ್ತೆ, ನಾನು, ನನ್ನವನು, ಮೀಸೆ ಮಾವ. ಗಾಜಿನ ಬಾಗಿಲ ಪಕ್ಕದಲ್ಲಿ ಚಿನ್ನದ ಅಂಚಿನ ಚೌಕಟ್ಟು ಹೊಳೆಯುತ್ತಿತ್ತು. ಗುಣಮಟ್ಟದ ಮಾನ್ಯತೆ. ಪಾಸಾಗಿದ್ದರು. ನನಗೆ ಆಶ್ಚರ್ಯ ಆಗಲಿಲ್ಲ.

ನಾವು ಮೆಟ್ಟಿಲ ಬಳಿ ಬರುವಷ್ಟರಲ್ಲೇ ಕಾಂಪೌಂಡರ್ ಓಡಿ ಬಂದ. ಮತ್ತೆ ಆ ನಗು. "ಈ ಕಡೆ ಬೇಡ ಅಮ್ಮ, ಹಿಂದೆ ಬನ್ನಿ. ನೋಡಿ, ನಿಮಗೋಸ್ಕರ ಏನು ಮಾಡ್ಸಿದೀವಿ."

ಅವನ ಹಿಂದೆ ಹಿತ್ತಲಿಗೆ ಹೋಗಿ ನೋಡಿದೆವು. ಕಿಟಕಿಯ ಮೇಲೆ ಹೊಸ ತಗಡಿನ ಚಾವಣಿ. ಕೆಳಗೆ ಒಂದು 'ವಿಶೇಷ ಸೇವಾ ಕೌಂಟರ್' ಎಂಬ ಫಲಕ. ನಿಲ್ಲುವ ತಗ್ಗಿಗೆ ಸಿಮೆಂಟು ಹಾಕಿದ್ದರು. ಮಾತ್ರೆ ಜಾರಿಬಿಡಲು ಉದ್ದ ಹಿಡಿಯ ಒಂದು ತಟ್ಟೆಯನ್ನೂ ಸರಳಿಗೆ ಸಿಕ್ಕಿಸಿದ್ದರು.

"ಆ ಮೇಡಂ ಬರೆದಿದ್ರು" ಎಂದ ಹೆಮ್ಮೆಯಿಂದ. "ಕಿಟಕಿ ಹತ್ರ ನಿಲ್ಲೋರಿಗೆ ಅನುಕೂಲ ಇಲ್ಲ ಅಂತ. ಈಗ ಬಿಸಿಲಿಲ್ಲ, ಮಳೆ ಇಲ್ಲ. ಕೈಯಲ್ಲಿ ಹಿಡಿಯೋದೂ ಬೇಡ."

ಹೊರಗೆ ಥಳಕು, ಒಳಗೆ ಹುಳುಕು. ಬರೀತೀನಿ ಎಂದವಳು ಬರೆದಿದ್ದಳು. ಅವಳು ಬರೆದಿದ್ದರಿಂದ ಕಿಟಕಿ ಮುಚ್ಚಲಿಲ್ಲ, ಗಟ್ಟಿಯಾಯಿತು.

ನನ್ನವನು ಮುಷ್ಟಿ ಬಿಗಿಹಿಡಿದು ಮುಂದೆ ಹೋದ. ಅತ್ತೆ ಕೋಲನ್ನು ಅಡ್ಡ ಹಿಡಿದು ಅವನನ್ನು ನಿಲ್ಲಿಸಿದಳು. ಚಾವಣಿಯನ್ನು ನೋಡಿದಳು. ಫಲಕವನ್ನು ನೋಡಿದಳು. ಆಮೇಲೆ ಬೆನ್ನು ತಿರುಗಿಸಿ ಮುಂಬಾಗಿಲಿಗೆ ಬಂದು, ಗಾಲಿಕುರ್ಚಿಗೆಂದು ಕಟ್ಟಿದ ಇಳಿಜಾರಿನ ಮೇಲೆ ಕೋಲೂರಿ ಹತ್ತತೊಡಗಿದಳು. ಅದರ ಮೇಲೆ ಅಲ್ಲಿಯ ತನಕ ಯಾರೂ ಹತ್ತಿದ ಹಾಗೆ ಕಾಣಲಿಲ್ಲ. ಸಿಮೆಂಟಿನ ಮೇಲೆ ಮೇಸ್ತ್ರಿಯ ಕರಣೆಯ ಗೆರೆಗಳು ಹಾಗೇ ಇದ್ದವು.

"ಎಲ್ಲಿಗೆ ಅಮ್ಮ? ಒಳಗೆ ಬೇರೆ ರೋಗಿಗಳಿದಾರೆ!"

"ನಾನೂ ರೋಗೀನೇ" ಎಂದಳು ಅತ್ತೆ.

ಬಾಗಿಲು ತಳ್ಳಿ ಒಳಗೆ ಹೋಗಿ ಮೊದಲ ಸಾಲಿನ ಕುರ್ಚಿಯಲ್ಲಿ ಕೂತಳು. ನಾವೂ ಕೂತೆವು. ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿ ಎದ್ದು ಹೋದಳು. ಹೋಗಲಿ. ಮೀಸೆ ಮಾವ ಮನಸಾರೆ ಕೆಮ್ಮಿದ. ಕಾಂಪೌಂಡರ್ ಒಳಗೆ ಹೋಗಿ ಮುಲಾಮಿನ ಟ್ಯೂಬು ಹಿಡಿದು ಬಂದ. ನಮ್ಮನ್ನು ಬೇಗ ಸಾಗಹಾಕಬೇಕಿತ್ತು ಅವನಿಗೆ. ಟ್ಯೂಬನ್ನು ಬೆರಳ ತುದಿಯಲ್ಲಿ ಹಿಡಿದು, ಬೀಳಿಸಲು ಸಿದ್ಧನಾಗಿ, ಅತ್ತೆಯ ಬೊಗಸೆ ಎಲ್ಲಿ ಎಂದು ಹುಡುಕಿದ.

ಅತ್ತೆ ಹಿಂದೆ ಸರಿಯಲಿಲ್ಲ. ಬಗ್ಗಲಿಲ್ಲ. ಒಂದು ಕೈಯನ್ನು ಎದೆಯ ಮಟ್ಟಕ್ಕೆ ಚಾಚಿದಳು. ಕುತ್ತಿಗೆ ನಡುಗುತ್ತಿತ್ತು. ಬದುಕೆಲ್ಲ ತಿರುಗಿ ತಿರುಗಿ ರೂಢಿಯಾದ ಕುತ್ತಿಗೆ ಅದು. ಅದನ್ನು ಹಿಡಿದು ನಿಲ್ಲಿಸುವುದು ಅವಳಿಗೆ ಎಷ್ಟು ಕಷ್ಟವಾಗುತ್ತಿತ್ತು ಎಂದು ನನಗೆ ಕಾಣುತ್ತಿತ್ತು. ಆದರೂ ಅವನ ಮುಖವನ್ನೇ ನೋಡಿದಳು. ಅವನ ಮುಖಕ್ಕೇ ಉಸಿರು ಬಿಟ್ಟಳು.

"ಎರಡೂ ಕೈ..." ಎಂದ ಅವನು.

"ಇನ್ನೊಂದರಲ್ಲಿ ಕೋಲಿದೆ. ಕೈಗೆ ಕೊಡು. ಇಲ್ಲಾ ಅಂದ್ರೆ ಇಟ್ಕೋ. ಡಾಕ್ಟ್ರು ಬಂದು ಬಗ್ಗಿ ನೋಡೋ ತನಕ ನಾನಂತೂ ಏಳಲ್ಲ."

"ತುಂಬಾ ಕಾಯ್ಬೇಕಾಗುತ್ತೆ."

"ಕಾಯ್ತೀವಿ" ಎಂದಳು ಅತ್ತೆ.

ಅವನ ಕೈ ಗಾಳಿಯಲ್ಲೇ ನಿಂತಿತ್ತು. ನಾವು ಬೆನ್ನನ್ನು ಕುರ್ಚಿಗೆ ಒರಗಿಸಿದೆವು. ಕಾಯುವುದು ನಮಗೆ ಹೊಸದಲ್ಲ. ಕೂತು ಕಾಯುವುದು ಹೊಸದು.